ಕಥೆ ನಿಜವಿರಬಹುದು, ಖಾತೆ ಯಾರದು?

2020ರ ಮಾರ್ಚ್ 28ರಂದು, ಕೋವಿಡ್ ಕಾಲದಲ್ಲಿ, ಪಿಎಂ ಕೇರ್ಸ್ ನಿಧಿಯ ಘೋಷಣೆಯಾಯಿತು. ದೇಣಿಗೆ ಕೊಡುವವರಿಗೆಂದು ಒಂದು ಯುಪಿಐ ವಿಳಾಸವನ್ನೂ ಪ್ರಕಟಿಸಿದರು. ಅದರ ಬೆನ್ನಲ್ಲೇ ಕಣ್ಣಿಗೆ ಥೇಟ್ ಅದೇ ಎನ್ನಿಸುವ ಇನ್ನೊಂದು ವಿಳಾಸ ಹರಿದಾಡತೊಡಗಿತು. ಅಸಲಿ ವಿಳಾಸದಲ್ಲಿ ‘ಕೇರ್ಸ್’ ಎಂದಿದ್ದರೆ ನಕಲಿಯಲ್ಲಿ ‘ಕೇರ್’ ಎಂದಿತ್ತು. ಇಂಗ್ಲಿಷಿನ ಒಂದೇ ಒಂದು ಅಕ್ಷರ ಕಡಿಮೆ, ಅಷ್ಟೆ. ದಿಲ್ಲಿ ಪೊಲೀಸರ ಸೈಬರ್ ವಿಭಾಗ ಅದನ್ನು ಗುರುತಿಸಿ ಬ್ಯಾಂಕಿನ ಮೂಲಕ ತಡೆ ಹಾಕಿಸಿತು. ಆದರೂ ಅದೇ ಜಾತಿಯ ಇನ್ನೂ ಹಲವು ವಿಳಾಸಗಳು ಹುಟ್ಟಿಕೊಂಡವು.

ಆ ಮೋಸದಲ್ಲಿ ಕಟ್ಟುಕಥೆ ಎಂಬುದು ಒಂದು ಸಾಲೂ ಇರಲಿಲ್ಲ. ಸಾಂಕ್ರಾಮಿಕ ನಿಜ, ನಿಧಿ ನಿಜ, ಪ್ರಧಾನಿಯ ಮನವಿಯೂ ನಿಜ. ಸುಳ್ಳಾಗಿದ್ದದ್ದು ಹಣ ಹೋಗಿ ಬೀಳುವ ಜಾಗ ಮಾತ್ರ. ನಾವಾದರೋ ಸಹಾಯದ ಮನವಿ ಬಂದಾಗ ತಡಕಾಡುವುದು ಬೇರೆಲ್ಲೋ. ಮಗುವಿನ ಮುಖ ನೋಡುತ್ತೇವೆ, ತಾಯಿಯ ಅಳು ಕೇಳುತ್ತೇವೆ, ‘ಪಾಪ, ನಿಜವೇ ಇರಬೇಕು’ ಎಂದುಕೊಂಡು ಪಿನ್ ಒತ್ತುತ್ತೇವೆ. ಇಲ್ಲವೇ ‘ಇದೆಲ್ಲ ಬರೀ ನಾಟಕ’ ಎಂದು ಬೆರಳು ಸರಿಸುತ್ತೇವೆ. ಎರಡೂ ಸಲ ನಾವು ತೂಗಿದ್ದು ಕಥೆಯನ್ನು, ಖಾತೆಯನ್ನಲ್ಲ.

ಯಾವುದೇ ಮನವಿಯಲ್ಲಿ ಮೂವರು ಇರುತ್ತಾರೆ: ಕಷ್ಟದಲ್ಲಿರುವವರು, ಅವರ ಪರವಾಗಿ ಕೇಳುವವರು, ಹಣವನ್ನು ಕೈಗೆ ಪಡೆಯುವವರು. ಬೀದಿಯ ಗಣೇಶನ ಚಂದಾದಲ್ಲಿ ಈ ಮೂವರೂ ನಮಗೆ ಗೊತ್ತಿದ್ದವರೇ. ರಸೀದಿ ಪುಸ್ತಕ ಹಿಡಿದು ಬಂದ ಹುಡುಗ ಯಾರ ಮಗ ಎಂಬುದೂ ಗೊತ್ತು, ವಿಸರ್ಜನೆಯಾದ ಮೇಲೆ ಲೆಕ್ಕ ಕೊಡದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕೆಂಬುದೂ ಗೊತ್ತು. ಫೋನಿಗೆ ಬಂದ ಮನವಿಯಲ್ಲಿ ಕಷ್ಟದಲ್ಲಿರುವವರು ಒಂದು ಊರಲ್ಲಿ, ವಿಡಿಯೊ ಮಾಡಿದವರು ಇನ್ನೊಂದು ಊರಲ್ಲಿ, ಖಾತೆಯ ಒಡೆಯ ಯಾವ ರಾಜ್ಯದಲ್ಲೋ. ಮೋಸ ನುಸುಳುವುದು ಈ ಮೂವರ ನಡುವಿನ ಸಂದಿನಲ್ಲಿ. ಹಾಗಾಗಿ ಮೊದಲು ಕೇಳಬೇಕಾದದ್ದು ‘ಈ ಕಥೆ ನಿಜವೇ?’ ಎಂದಲ್ಲ, ‘ಈ ಮೂವರೂ ಒಬ್ಬರನ್ನೊಬ್ಬರು ಬಲ್ಲರೇ?’ ಎಂದು.

ಮೂವರೂ ಬಲ್ಲವರಾಗಿದ್ದು, ಕೂಡಿಕೊಂಡೇ ಜನರನ್ನು ವಂಚಿಸಿದ ಪ್ರಸಂಗವೂ ಇಲ್ಲದಿಲ್ಲ. 2017ರ ನವೆಂಬರಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಒಂದು ಜೋಡಿ ‘ಗೋಫಂಡ್‌ಮಿ’ಯಲ್ಲಿ ಮನವಿ ಹಾಕಿತು. ಫಿಲಡೆಲ್ಫಿಯಾದ ಹೆದ್ದಾರಿಯಲ್ಲಿ ಯುವತಿಯ ಕಾರಿನ ಇಂಧನ ಮುಗಿದು ನಿಂತಾಗ, ಸೂರಿಲ್ಲದ ಮಾಜಿ ಸೈನಿಕನೊಬ್ಬ ತನ್ನಲ್ಲಿದ್ದ ಕೊನೆಯ 20 ಡಾಲರಿನಲ್ಲಿ ಇಂಧನ ತಂದುಕೊಟ್ಟನಂತೆ. ಅವನಿಗೊಂದು ಮನೆ ಮಾಡಿಕೊಡೋಣ ಎಂಬ ಮನವಿ. ಕೇಳಿದ್ದು 10 ಸಾವಿರ ಡಾಲರ್. 14 ಸಾವಿರಕ್ಕೂ ಹೆಚ್ಚು ಜನ 4 ಲಕ್ಷ ಡಾಲರಿಗೂ ಮಿಕ್ಕಿ ಸುರಿದರು. ಟೀವಿಯವರು ಕರೆಸಿ ಮಾತಾಡಿಸಿದರು. ಮರುವರ್ಷ ತನ್ನ ಪಾಲು ಸರಿಯಾಗಿ ಬರಲಿಲ್ಲವೆಂದು ಆ ಸೈನಿಕ ಕೋರ್ಟಿಗೆ ಹೋದ. ತನಿಖೆ ಶುರುವಾದಾಗ ಸಿಕ್ಕಿದ್ದು ಯುವತಿಯ ಹಳೆಯ ಮೆಸೇಜು: ಇಂಧನದ ಕಥೆ ಪೂರ್ತಿ ಹುಟ್ಟಿಸಿದ್ದು ಎಂದು, ಮನವಿ ಹಾಕಿದ ಒಂದು ಗಂಟೆಯೊಳಗೇ ಗೆಳತಿಗೆ ಬರೆದುಕೊಂಡಿದ್ದಳು. ಮೂವರೂ ತಪ್ಪೊಪ್ಪಿಕೊಂಡರು. ವೇದಿಕೆ ದಾನಿಗಳಿಗೆ ಹಣ ಹಿಂತಿರುಗಿಸಿತು.

ಹಂಚಿಕೆಯಲ್ಲಿ ಜಗಳವಾಗದೆ ಇದ್ದಿದ್ದರೆ ಆ ಕಥೆ ಇಂದಿಗೂ ‘ಮಾನವೀಯತೆ ಇನ್ನೂ ಸತ್ತಿಲ್ಲ’ ಎಂಬ ತಲೆಬರಹದಡಿ ಸುತ್ತುತ್ತಲೇ ಇರುತ್ತಿತ್ತು. ಅಷ್ಟು ಅಂದವಾಗಿ ಹೊಂದಿಕೊಂಡಿದ್ದೇ ಅದರ ದೋಷ ಎಂದು ಈಗ ಹೇಳಬಹುದು. ನಿಜವಾದ ಕಷ್ಟಕ್ಕೆ ಸಾಮಾನ್ಯವಾಗಿ ಅಷ್ಟು ಒಳ್ಳೆಯ ಚಿತ್ರಕಥೆ ಇರುವುದಿಲ್ಲ.

ಚಿತ್ರಗಳ ಮಾತು ಇನ್ನೂ ಸುಲಭ. 2023ರ ಫೆಬ್ರುವರಿಯಲ್ಲಿ ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪವಾದಾಗ, ಅವಶೇಷಗಳ ನಡುವೆ ಮಗುವನ್ನು ಎದೆಗವಚಿಕೊಂಡ ಅಗ್ನಿಶಾಮಕ ಸಿಬ್ಬಂದಿಯ ಚಿತ್ರ ತೋರಿಸಿ ಹಣ ಎತ್ತಿದರು. ಟ್ವಿಟರ್ ಬಳಕೆದಾರರು ಗಮನಿಸಿ ನೋಡಿದಾಗ ಆ ಸಿಬ್ಬಂದಿಯ ಕೈಯಲ್ಲಿ ಆರು ಬೆರಳುಗಳಿದ್ದವು. ಕೃತಕ ಬುದ್ಧಿಮತ್ತೆ ಬರೆದ ಚಿತ್ರ ಅದು. ಈಗಿನ ತಂತ್ರಾಂಶಗಳು ಬೆರಳೆಣಿಸುವುದನ್ನು ಕಲಿತಿವೆ. ಆ ಗುರುತಿನ ಮೇಲೆ ಇನ್ನು ಭರವಸೆ ಇಡುವಂತಿಲ್ಲ. ಮನವಿಯ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡುವುದು ಒಳ್ಳೆಯದೇ. ಅದೇ ಮಗು ಬೇರೆ ಹೆಸರಿನಲ್ಲಿ, ಬೇರೆ ಭಾಷೆಯಲ್ಲಿ, ಬೇರೆ ರೋಗದೊಂದಿಗೆ ಸಿಕ್ಕಿತೆಂದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಸಿಗಲಿಲ್ಲವೆಂದ ಮಾತ್ರಕ್ಕೆ ಏನೂ ಸಾಬೀತಾಗಲಿಲ್ಲ. ಮೂಗಿಗೆ ನಳಿಕೆ ಹಾಕಿಸಿಕೊಂಡ ಮಗುವಿನ ಫೋಟೊ, ಅದಕ್ಕೆ ಹಿನ್ನೆಲೆಯಲ್ಲಿ ಪಿಟೀಲು: ಇದು ಯಾವುದಕ್ಕೂ ಪುರಾವೆಯಲ್ಲ. ಆ ಮಗುವಿನ ಮಾನ ಕಳೆಯುವುದರ ಹೊರತು ಅದರಿಂದ ಸಾಧಿಸುವುದೇನೂ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಪುರಾವೆ ಯಾವುದು? ಚಿಕಿತ್ಸೆಯ ಮನವಿಗಳನ್ನೇ ತೆಗೆದುಕೊಳ್ಳೋಣ; ನಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುವುದರಲ್ಲಿ ಹೆಚ್ಚಿನವು ಅವೇ. ಮೊದಲನೆಯದು ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರ. ಅದರಲ್ಲಿ ರೋಗಿಯ ನೋಂದಣಿ ಸಂಖ್ಯೆ, ವೈದ್ಯರ ಹೆಸರು, ತಾರೀಕು ಇರಬೇಕು. ಪತ್ರವನ್ನು ತಿದ್ದುವುದು ಫೋನಿನಲ್ಲೇ ಆಗುವ ಕೆಲಸವಾದ್ದರಿಂದ ಅದನ್ನು ನೋಡಿದರಷ್ಟೇ ಸಾಲದು, ಆಸ್ಪತ್ರೆಗೆ ಫೋನ್ ಮಾಡಬೇಕು. ಮನವಿಯಲ್ಲಿ ಕೊಟ್ಟ ನಂಬರಿಗೆ ಮಾತ್ರ ಮಾಡಬಾರದು. ಆಸ್ಪತ್ರೆಯ ನಂಬರನ್ನು ನಾವೇ ಹುಡುಕಿ ಮಾಡಬೇಕು. ರೋಗಿಯ ಕಾಯಿಲೆಯ ವಿವರವನ್ನು ಅವರು ಹೇಳುವುದಿಲ್ಲ, ಹೇಳಲೂಬಾರದು. ಆದರೆ ‘ಈ ನೋಂದಣಿ ಸಂಖ್ಯೆಗೆ ನೇರವಾಗಿ ನಿಮ್ಮ ಖಾತೆಗೇ ಹಣ ಕಟ್ಟಬಹುದೇ?’ ಎಂದು ಕೇಳಿದರೆ ಬಿಲ್ಲಿಂಗ್ ವಿಭಾಗದವರು ಉತ್ತರ ಕೊಡುತ್ತಾರೆ. ನೂರು ಪ್ರಶ್ನೆಯ ಕೆಲಸವನ್ನು ಈ ಒಂದೇ ಪ್ರಶ್ನೆ ಮಾಡುತ್ತದೆ. ಆಸ್ಪತ್ರೆಯ ಖಾತೆಗೇ ಕಟ್ಟುತ್ತೇನೆ ಎಂದಾಗ ಪ್ರಾಮಾಣಿಕ ಕುಟುಂಬಕ್ಕೆ ಸಾಮಾನ್ಯವಾಗಿ ಸಮಾಧಾನವಾಗುತ್ತದೆ. ‘ಬೇಡ, ನನ್ನ ಫೋನ್‌ಪೇಗೇ ಹಾಕಿ, ತುಂಬಾ ಅರ್ಜೆಂಟ್’ ಎಂದು ಹಟ ಹಿಡಿದರೆ ಅಲ್ಲಿ ನಿಲ್ಲಬೇಕು.

ಇದಕ್ಕೆ ಅಪವಾದವೂ ಉಂಟು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಕಲಬುರಗಿಯ ಹಳ್ಳಿಯಿಂದ ಬೆಂಗಳೂರಿನ ಕಿದ್ವಾಯಿಗೋ ಜಯದೇವಕ್ಕೋ ಬಂದ ಕುಟುಂಬಕ್ಕೆ ಆಸ್ಪತ್ರೆಯ ಬಿಲ್ಲಿಗಿಂತ ಹೊರಗಿನ ಔಷಧಿ, ಬಾಡಿಗೆ ಕೋಣೆ, ಊಟ, ಕೂಲಿ ಬಿಟ್ಟ ತಿಂಗಳುಗಳೇ ಭಾರವಾಗಬಹುದು. ಆ ಖರ್ಚನ್ನು ಆಸ್ಪತ್ರೆಯ ಖಾತೆಗೆ ಕಟ್ಟಲು ಬರುವುದಿಲ್ಲ. ‘ಸರ್ಕಾರದ ಯೋಜನೆ ಇದೆಯಲ್ಲ, ಮತ್ತೆ ಯಾಕೆ ಕೇಳುತ್ತೀರಿ?’ ಎಂಬ ಪ್ರಶ್ನೆಯನ್ನೂ ಹೀಗೇ ಎಚ್ಚರದಿಂದ ಕೇಳಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ಎಲ್ಲ ಚಿಕಿತ್ಸೆಯೂ ಎಲ್ಲ ಆಸ್ಪತ್ರೆಯಲ್ಲೂ ಇದರಡಿ ಸಿಗುವುದಿಲ್ಲ. ಆದ್ದರಿಂದ ಆ ಪ್ರಶ್ನೆಗೆ ‘ಅರ್ಜಿ ಹಾಕಿದ್ದೆವು, ಇಷ್ಟು ಬಂತು, ಇಷ್ಟು ಬಾಕಿ’ ಎಂಬ ಉತ್ತರ ಬಂದರೆ ಅದು ನಂಬಬಹುದಾದ ಉತ್ತರ.

ಕೋಟಿಗಳ ಮನವಿಗೆ ಬಂದರೆ ಲೆಕ್ಕವೇ ಬೇರೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಎಂಬ ಅಪರೂಪದ ಆನುವಂಶಿಕ ಕಾಯಿಲೆಗೆ ‘ಜೋಲ್ಗೆನ್ಸ್ಮಾ’ ಎಂಬ ಜೀನ್ ಚಿಕಿತ್ಸೆ ಇದೆ. ಒಂದೇ ಡೋಸ್, ಬೆಲೆ ಸುಮಾರು 16 ಕೋಟಿ ರೂಪಾಯಿ. ಮೊತ್ತ ಕೇಳಿದ ಕೂಡಲೇ ‘ಇದು ಸುಳ್ಳೇ ಇರಬೇಕು’ ಎಂದವರನ್ನು ನಾನು ಕಂಡಿದ್ದೇನೆ. ಮೊತ್ತ ಸುಳ್ಳಲ್ಲ. ಆ ಮೊತ್ತದ ಹೆಸರಿನಲ್ಲಿ ಎಬ್ಬಿಸಿದ ಮನವಿ ಸುಳ್ಳಿರಬಹುದು, ಅದು ಬೇರೆ ಮಾತು. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ ಈಗ ಸಿಗುವ ನೆರವು ಗರಿಷ್ಠ 50 ಲಕ್ಷ. ಉಳಿದದ್ದಕ್ಕೆ ಜನರೇ ಗತಿ. ಇಂಥ ರೋಗಿಗಳಿಗಾಗಿ ಆರೋಗ್ಯ ಸಚಿವಾಲಯವೇ ಒಂದು ದೇಣಿಗೆ ಪೋರ್ಟಲ್ ನಡೆಸುತ್ತಿದೆ. ನಿಗದಿಪಡಿಸಿದ ಉತ್ಕೃಷ್ಟತಾ ಕೇಂದ್ರಗಳು ಅಲ್ಲಿ ರೋಗಿಗಳನ್ನು ನೋಂದಾಯಿಸುತ್ತವೆ. ಬೆಂಗಳೂರಿನಲ್ಲಿ ಆ ಜವಾಬ್ದಾರಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯದು. ಇಷ್ಟು ದೊಡ್ಡ ಮೊತ್ತದ ಮನವಿ ಕರ್ನಾಟಕದ ಮಗುವಿನ ಹೆಸರಿನಲ್ಲಿ ಬಂದರೆ, ಆ ಮಗು ಅಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವುದು ಸಹಜವಾದ ಮೊದಲ ಹೆಜ್ಜೆ.

ದೊಡ್ಡ ಮೊತ್ತದ ಇನ್ನೊಂದು ತೊಡಕು ಗುರಿ ದಾಟಿದ ಮೇಲೆ ಶುರುವಾಗುತ್ತದೆ. 2021ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಮಗುವೊಂದಕ್ಕೆ ಇದೇ ಔಷಧಿಗಾಗಿ 18 ಕೋಟಿ ಕೇಳಿದರು. ನೋಡನೋಡುತ್ತ 46 ಕೋಟಿಗೂ ಹೆಚ್ಚು ಬಂದು ಬಿತ್ತು. ಮನವಿ ಅಪ್ಪಟ ನಿಜ. ಆದರೂ ಮಿಕ್ಕ ಹಣ ಯಾರದು, ಯಾರು ಹಂಚಬೇಕು ಎಂಬ ಪ್ರಶ್ನೆ ಎದ್ದಿತು. ಅದನ್ನು ಇದೇ ಕಾಯಿಲೆಯ ಬೇರೆ ಮಕ್ಕಳಿಗೆ ಕೊಡುವುದಾಗಿ ಹೇಳಿದರು. ಅದೇ ವರ್ಷದ ಜುಲೈಯಲ್ಲಿ ಕೇರಳ ಹೈಕೋರ್ಟ್ ಇಂಥ ಸಾರ್ವಜನಿಕ ಹಣ ಸಂಗ್ರಹದ ಮೇಲೆ ಸರ್ಕಾರದ ನಿಗಾ ಬೇಕು ಎಂದಿತು. ಮೂರು ವರ್ಷದ ನಂತರ ಅದೇ ರಾಜ್ಯ ಇನ್ನೊಂದು ಮಾದರಿ ತೋರಿಸಿತು. ಸೌದಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೋಯಿಕ್ಕೋಡಿನ ವ್ಯಕ್ತಿಯನ್ನು ಬಿಡಿಸಲು 34 ಕೋಟಿ ಪರಿಹಾರಧನ ಬೇಕಿತ್ತು. 2024ರಲ್ಲಿ ಅದಕ್ಕೆಂದೇ ಒಂದು ಆ್ಯಪ್ ಮಾಡಿದರು. ಎಷ್ಟು ಬಂತು ಎಂಬುದನ್ನು ಯಾರು ಬೇಕಾದರೂ ಅದರಲ್ಲಿ ನೋಡಬಹುದಿತ್ತು. ಗುರಿ ಮುಟ್ಟಿದ ಕೂಡಲೇ ಸಂಗ್ರಹ ನಿಲ್ಲಿಸಿದರು. ನನ್ನ ಮಟ್ಟಿಗೆ ಒಂದು ಮನವಿಯ ಪ್ರಾಮಾಣಿಕತೆ ಕಾಣುವುದು ಅದು ಹೇಗೆ ಶುರುವಾಯಿತು ಎಂಬುದಕ್ಕಿಂತ ಎಲ್ಲಿ ನಿಂತಿತು ಎಂಬುದರಲ್ಲಿ.

ಬೆಂಗಳೂರಿನ ‘ಮಿಲಾಪ್’, ಮುಂಬಯಿಯ ‘ಕೆಟ್ಟೊ’ದಂಥ ವೇದಿಕೆಗಳಲ್ಲಿ ಬಂದ ಮನವಿಯಾದರೆ ನಿಶ್ಚಿಂತೆಯೇ? ಯಾರದೋ ಫೋನ್ ನಂಬರಿಗೆ ಕಳಿಸುವುದಕ್ಕಿಂತ ವಾಸಿ. ಆದರೆ ವೇದಿಕೆ ದಾಖಲೆ ನೋಡಿದೆ ಎಂದರೆ ಪ್ರತಿ ಮಾತಿಗೂ ಜಾಮೀನು ನಿಂತಿದೆ ಎಂದು ಅರ್ಥವಲ್ಲ. ಹಣ ಯಾರ ಖಾತೆಗೆ ವರ್ಗವಾಗುತ್ತದೆ, ಆಸ್ಪತ್ರೆಗೋ ಕುಟುಂಬಕ್ಕೋ ಮಧ್ಯದ ಇನ್ಯಾರಿಗೋ ಎಂಬುದನ್ನು ಮನವಿಯ ಪುಟದಲ್ಲೇ ಹುಡುಕಬೇಕು. ಇನ್ನೊಂದು, ದುಡ್ಡು ಕಟ್ಟುವಾಗ ‘ಟಿಪ್’ ಎಂಬ ಹೆಸರಿನಲ್ಲಿ ಶೇಕಡಾವಾರು ಒಂದು ಮೊತ್ತ ಮೊದಲೇ ಸೇರಿಕೊಂಡಿರುವುದುಂಟು. ಅದು ರೋಗಿಗಲ್ಲ, ವೇದಿಕೆಗೆ. ಕೊಡುವುದು ತಪ್ಪಲ್ಲ, ಅವರೂ ಕಚೇರಿ ನಡೆಸಬೇಕು, ಜಾಹೀರಾತು ಕೊಡಬೇಕು. ಗೊತ್ತಿದ್ದು ಕೊಡಬೇಕು ಅಷ್ಟೆ. ಬೇಡವೆಂದರೆ ಸೊನ್ನೆ ಮಾಡಲು ಬರುತ್ತದೆ. ದೇಣಿಗೆ ಎತ್ತುವ ಇಂಥ ವೇದಿಕೆಗಳಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. ಇಷ್ಟು ಕೋಟಿ ಹರಿಯುವ ಕಡೆ ಕಾನೂನಿಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ.

ವ್ಯಕ್ತಿಯ ಬದಲು ಸಂಸ್ಥೆ ಕೇಳಿದಾಗ ಪರಿಶೀಲನೆ ಸುಲಭ, ಏಕೆಂದರೆ ಕಾಗದ ಇರುತ್ತದೆ. ‘ನಾವು ನೀತಿ ಆಯೋಗದ ದರ್ಪಣ್‌ನಲ್ಲಿ ನೋಂದಾಯಿತರು’ ಎಂದು ದೊಡ್ಡದಾಗಿ ಹಾಕಿಕೊಳ್ಳುತ್ತಾರೆ. ಆ ಪೋರ್ಟಲ್‌ನಲ್ಲಿ ಸಂಸ್ಥೆಯೇ ತನ್ನ ವಿವರ ತುಂಬಿ ನೋಂದಾಯಿಸಿಕೊಳ್ಳುತ್ತದೆ. ಸಿಗುವ ಸಂಖ್ಯೆ ಸರ್ಕಾರ ಕೊಟ್ಟ ಶಿಫಾರಸು ಪತ್ರವೇನಲ್ಲ. ಹೆಚ್ಚು ತೂಕದ್ದು ಆದಾಯ ತೆರಿಗೆಯ ನೋಂದಣಿ, ಜನ ‘80ಜಿ’ ಎಂದು ಕರೆಯುವುದು. ಅದು ಊರ್ಜಿತವಾಗಿದೆಯೇ ಎಂದು ತೆರಿಗೆ ಇಲಾಖೆಯ ತಾಣದಲ್ಲಿ ನೋಡಬಹುದು. 2021–22ರ ಹಣಕಾಸು ವರ್ಷದಿಂದ ಇಂಥ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ, ಇಲಾಖೆಯ ತಾಣದಿಂದಲೇ ಪ್ರಮಾಣಪತ್ರ ತೆಗೆದು ದಾನಿಗೆ ಕೊಡಬೇಕು. ರಸೀದಿಯನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆ ಪ್ರಮಾಣಪತ್ರವನ್ನಲ್ಲ. 2 ಸಾವಿರ ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. ಒಬ್ಬ ರೋಗಿಯ ಸ್ವಂತ ಖಾತೆಗೆ ಕೊಟ್ಟ ಹಣಕ್ಕೂ ಇಲ್ಲ. ವೈಯಕ್ತಿಕ ಖಾತೆಯ ಕ್ಯೂಆರ್ ಕೋಡ್ ಕೊಟ್ಟು ‘ತೆರಿಗೆ ವಿನಾಯಿತಿ ಉಂಟು’ ಎಂದವರು ಒಂದೋ ತಿಳಿಯದವರು, ಇಲ್ಲವೇ ತಿಳಿದೇ ಸುಳ್ಳು ಹೇಳುವವರು.

ಸಂಸ್ಥೆಯ ವಿಷಯದಲ್ಲಿ ಇನ್ನೊಂದು ಬಗೆಯ ಜಾರುವಿಕೆಗೆ ಇಂಗ್ಲೆಂಡಿನ ಉದಾಹರಣೆಯೇ ಸರಿ. ಕ್ಯಾಪ್ಟನ್ ಟಾಮ್ ಮೂರ್ ಎಂಬ ಹಿರಿಯ ಮಾಜಿ ಯೋಧ ನೂರನೆಯ ಹುಟ್ಟುಹಬ್ಬದ ಹೊಸ್ತಿಲಲ್ಲಿ, 2020ರ ಲಾಕ್‌ಡೌನ್ ಕಾಲದಲ್ಲಿ, ತೋಟದಲ್ಲಿ ವಾಕರ್ ಹಿಡಿದು ಸುತ್ತು ಹಾಕಿ ಅಲ್ಲಿನ ಆರೋಗ್ಯ ಸೇವೆಯ ದತ್ತಿಗಳಿಗೆ ಸುಮಾರು 3.89 ಕೋಟಿ ಪೌಂಡ್ ಎತ್ತಿಕೊಟ್ಟರು. ಆ ಹಣ ಸೇರಬೇಕಾದಲ್ಲಿಗೇ ಸೇರಿತು. ಆಮೇಲೆ ಅವರ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಬಂತು. 2024ರ ನವೆಂಬರಿನಲ್ಲಿ ಅಲ್ಲಿನ ಚಾರಿಟಿ ಕಮಿಷನ್ ಕೊಟ್ಟ ವರದಿ, ಕುಟುಂಬದವರು ಆ ಪ್ರತಿಷ್ಠಾನದ ಹೆಸರಿನ ನೆರಳಿನಲ್ಲಿ ಸ್ವಂತ ಲಾಭ ಮಾಡಿಕೊಂಡರು ಎಂದು ಕಟುವಾಗಿಯೇ ಹೇಳಿತು. ಮೊದಲ ಮನವಿ ಗಳಿಸಿದ ನಂಬಿಕೆಯನ್ನು ಎರಡನೆಯ ಖಾತೆ ನಗದು ಮಾಡಿಕೊಂಡಿತು. ನಮ್ಮಲ್ಲೂ ಒಂದು ಮಗುವಿನ ಚಿಕಿತ್ಸೆಗೆ ಹಣ ಎತ್ತಿ ಹೆಸರಾದವರು ನಾಳೆ ಟ್ರಸ್ಟ್ ಮಾಡಿದರೆ, ಹಳೆಯ ಪುಣ್ಯದ ಮೇಲೆ ಹೊಸ ಲೆಕ್ಕ ಕೇಳದೆ ಬಿಡಬಾರದು.

ಹೊರದೇಶದ ಕನ್ನಡಿಗರಿಗೆ ಒಂದು ಮಾತು. ಊರಿನ ಶಾಲೆಗೋ ದೇವಸ್ಥಾನದ ಟ್ರಸ್ಟಿಗೋ ಕಳಿಸುವಾಗ ನಿಮ್ಮ ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ, ಸ್ವಂತ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಒಸಿಐ ಕಾರ್ಡಿನವರಾಗಿದ್ದರೆ ಕಾನೂನಿನ ಕಣ್ಣಿಗೆ ನೀವು ವಿದೇಶಿಗರೇ. ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಸಂಸ್ಥೆಯ ಖಾತೆಗೇ ಬರಬೇಕು. ‘ಅದೆಲ್ಲ ತಲೆನೋವು ಸಾರ್, ಕಾರ್ಯದರ್ಶಿಯ ಪರ್ಸನಲ್ ಖಾತೆಗೆ ಹಾಕಿಬಿಡಿ’ ಎಂದರೆ ಹಾಕಬೇಡಿ. ಅವರು ಪ್ರಾಮಾಣಿಕರೇ ಆಗಿದ್ದರೂ ಹಾಕಬೇಡಿ.

ಕ್ಯೂಆರ್ ಕೋಡಿನ ವಿಷಯ ಚಿಕ್ಕದು. ಅಸಲಿ ಪೋಸ್ಟರಿನ ಮೇಲೆ ನಕಲಿ ಕೋಡ್ ಅಂಟಿಸಲು ಅರ್ಧ ನಿಮಿಷ ಸಾಕು. 2024ರ ವಯನಾಡ್ ಭೂಕುಸಿತದ ನಂತರ ಕೇರಳ ಸರ್ಕಾರ ತನ್ನ ಮುಖ್ಯಮಂತ್ರಿ ಪರಿಹಾರ ನಿಧಿಯ ಕ್ಯೂಆರ್ ಕೋಡನ್ನೇ ದುರುಪಯೋಗದ ಭಯದಿಂದ ಹಿಂತೆಗೆದುಕೊಂಡಿತು. 2025ರ ಜೂನ್ 30ರಿಂದ ಯುಪಿಐ ಆ್ಯಪ್‌ಗಳು, ಹಣ ಪಡೆಯುವವರ ಹೆಸರು ಬ್ಯಾಂಕಿನಲ್ಲಿ ಹೇಗಿದೆಯೋ ಹಾಗೇ ತೋರಿಸಬೇಕು ಎಂಬ ನಿಯಮ ಬಂದಿದೆ. ಪಿನ್ ಒತ್ತುವ ಮುನ್ನ ಆ ಹೆಸರನ್ನು ಓದಿ. ಮನವಿ ರೋಗಿಯ ತಾಯಿಯದು, ತೆರೆಯ ಮೇಲೆ ಬಂದದ್ದು ಯಾವುದೋ ಎಂಟರ್‌ಪ್ರೈಸಸ್ ಎಂದಾದರೆ ಕೈ ಹಿಂದೆಗೆಯಿರಿ. ಹಣ ಹೋದ ಮೇಲೆ ಅನುಮಾನ ಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಯಲು ಆಗುವುದು ಆಗ ಮಾತ್ರ.

ಇಷ್ಟೆಲ್ಲ ಕೇಳುವುದು ಅಮಾನುಷವಲ್ಲವೇ ಎಂದು ಅನೇಕರು ಸಂಕೋಚಪಡುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಮುಂದೆ ಹಿಡಿಯುತ್ತಾರೆ. ಆ ಮಾತು ಕೊಡುವವನ ಜಂಬಕ್ಕೆ ಹಾಕಿದ ಕಡಿವಾಣ. ಪಡೆಯುವವನ ಲೆಕ್ಕಕ್ಕೆ ಕೊಟ್ಟ ರಜೆಯಲ್ಲ. ಪಾತ್ರಾಪಾತ್ರ ನೋಡಿ ಕೊಡು ಎಂದು ಹೇಳಿಕೊಟ್ಟವರೂ ನಮ್ಮ ಹಿರಿಯರೇ. ಹಾಗೆಂದು ರೋಗಿಯ ಮನೆಗೆ ನೂರು ಜನ ಫೋನ್ ಮಾಡಿ ‘ನಿಜವಾಗಿಯೂ ಕ್ಯಾನ್ಸರಾ?’ ಎಂದು ಕೇಳುವುದು ಕ್ರೌರ್ಯ. ಅದರ ಬದಲು ಗುಂಪಿಗೆ ಮೊದಲು ಹಾಕಿದವರನ್ನು ಕೇಳಿ: ನಿಮಗೆ ಇವರು ಗೊತ್ತೇ, ಅಥವಾ ಬಂದದ್ದನ್ನು ಹಾಗೇ ಕಳಿಸಿದಿರೇ? ಹೆಚ್ಚಿನ ಸಲ ಬರುವ ಉತ್ತರ ಎರಡನೆಯದೇ. ಹಾಗೆ ಕಳಿಸಿದವರಿಂದಾಗಿಯೇ, ಎಂದೋ ಗುಣವಾದ ಅಥವಾ ಎಂದೋ ತೀರಿಕೊಂಡ ಮಗುವಿನ ಮನವಿ ವರ್ಷಗಟ್ಟಲೆ ಸುತ್ತುತ್ತದೆ, ಆ ತಂದೆತಾಯಿಯ ಫೋನು ಬಾರಿಸುತ್ತಲೇ ಇರುತ್ತದೆ. ತಾರೀಕಿಲ್ಲದ ಮನವಿಯನ್ನು ಮುಂದಕ್ಕೆ ಕಳಿಸಲೇಬೇಡಿ.

ನಿಜವಾದ ಕಷ್ಟದಲ್ಲಿದ್ದು ಕೇಳಲು ಹೊರಟವರಲ್ಲಿ ಒಂದು ವಿನಂತಿ. ಮಗುವಿನ ಮುಖ ತೋರಿಸದಿದ್ದರೂ ನಡೆದೀತು. ಆಸ್ಪತ್ರೆಯ ಹೆಸರು, ನೋಂದಣಿ ಸಂಖ್ಯೆ, ಬೇಕಾದ ಮೊತ್ತ, ಸರ್ಕಾರದಿಂದ ಬಂದದ್ದೆಷ್ಟು, ಖಾತೆ ಯಾರದು, ಇಂದಿನ ತಾರೀಕು: ಇಷ್ಟನ್ನು ಬರೆಯಿರಿ. ವಾರಕ್ಕೊಮ್ಮೆ ಬಂದ ಹಣ, ಖರ್ಚಾದ ಹಣ ಎರಡನ್ನೂ ತಿಳಿಸಿ. ಗುರಿ ಮುಟ್ಟಿದ ದಿನವೇ ಕ್ಯೂಆರ್ ಕೋಡ್ ತೆಗೆದುಹಾಕಿ, ‘ಸಾಕು, ಇನ್ನು ಕಳಿಸಬೇಡಿ’ ಎಂದು ಮನವಿ ಹಾಕಿದ್ದ ಗುಂಪುಗಳಲ್ಲೇ ಹಾಕಿಬಿಡಿ.